ಭೀಮೆಯ ಆಚೆ ಕಂಡ ನಮ್ಮದೇ ಮುಖ

ನನ್ನ ಅಕ್ಕನ ಮಗ ವಿಜಯಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದಾನೆ. ಸಿಂದಗಿ ಕಡೆಯ ಹಳ್ಳಿಯ ಹುಡುಗ. ಬಿ.ಎ. ಮುಗಿದು ಮೂರು ವರ್ಷವಾಯಿತು. ಕಾನ್‌ಸ್ಟೇಬಲ್, ಪಿಎಸ್‌ಐ, ಎಫ್‌ಡಿಎ ಎಂದು ಬರುವ ಒಂದೊಂದು ಅಧಿಸೂಚನೆಗೂ ಅರ್ಜಿ ಹಾಕುತ್ತಾನೆ. ಬೆಳಿಗ್ಗೆ ಐದಕ್ಕೆ ಮೈದಾನದಲ್ಲಿ ಓಟ, ಹಗಲೆಲ್ಲ ವಾಚನಾಲಯ, ಎರಡು ಹೊತ್ತು ಖಾನಾವಳಿಯ ಡಬ್ಬಿ. ಕೋಣೆಯಲ್ಲಿ ನಾಲ್ವರು, ಗೋಡೆಯ ಮೇಲೆ ಭಾರತದ ನಕ್ಷೆ, ಸಂವಿಧಾನದ ವಿಧಿಗಳ ಪಟ್ಟಿ, ಓಟದ ಸಮಯ ಬರೆದಿಟ್ಟ ಹಾಳೆ. ಅಕ್ಕ ಕಟ್ಟಿಕೊಟ್ಟ ಕಟಿರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಒಂದು ರಾತ್ರಿ ಅಲ್ಲಿಗೆ ಹೋದಾಗ, ನಾಲ್ವರೂ ನೀರಿನ ಕ್ಯಾನಿಗೆ ಒರಗಿಸಿದ ಒಂದೇ ಮೊಬೈಲಿನ ಮುಂದೆ ತಲೆಗೆ ತಲೆ ತಾಗಿಸಿ ಕುಳಿತಿದ್ದರು. ನನ್ನ ಕೈಯ ಗಂಟನ್ನು ಇಸಿದುಕೊಳ್ಳಲೂ ಯಾರೂ ಏಳಲಿಲ್ಲ.

ಅವರು ನೋಡುತ್ತಿದ್ದುದು ನೀರಜ್ ಘಾಯ್ವಾನ್ ನಿರ್ದೇಶನದ ‘ಹೋಮ್‌ಬೌಂಡ್’. ಉತ್ತರ ಭಾರತದ ಇಬ್ಬರು ಗೆಳೆಯರು, ಒಬ್ಬ ಮುಸ್ಲಿಂ, ಒಬ್ಬ ದಲಿತ, ಪೊಲೀಸ್ ಕಾನ್‌ಸ್ಟೇಬಲ್ ಆಗಲು ಹೊರಟವರು. ಖಾಕಿ ತೊಟ್ಟರೆ ಹೆಸರು ಕೇಳಿ ಮುಖ ತಿರುಗಿಸುವವರು ಸುಮ್ಮನಾಗುತ್ತಾರೆ ಎಂಬುದು ಅವರ ಲೆಕ್ಕ. ಫಲಿತಾಂಶ ಬರುವುದಿಲ್ಲ, ಬಂದರೂ ನೇಮಕದ ಪತ್ರ ಬರುವುದಿಲ್ಲ, ಕೊನೆಗೆ ಸೂರತ್ತಿನ ಜವಳಿ ಗಿರಣಿ, ಅಲ್ಲಿಗೆ ಬಂದೆರಗುವ ಲಾಕ್‌ಡೌನ್. ಚಿತ್ರ ಮುಗಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಳಿಯ ಹೇಳಿದ: “ಮಾಮಾ, ಇದು ನಮ್ಮ ಕೋಣೆಯ ಕಥೆಯೇ. ಆದರೆ ಹಿಂದಿಯಲ್ಲಿದೆ. ನಮ್ಮ ಭಾಷೆಯಲ್ಲಿ ಯಾಕೆ ಇಲ್ಲ?”

ಕನ್ನಡದಲ್ಲಿ ಯಾಕೆ ಇಲ್ಲ ಎಂದು ಅವನು ಕೇಳಲಿಲ್ಲ, ‘ನಮ್ಮ ಭಾಷೆಯಲ್ಲಿ’ ಎಂದ. ಆ ವ್ಯತ್ಯಾಸ ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಹೊಳೆಯಿತು. ಕನ್ನಡದಲ್ಲಿ ಯುವಕರ ಬದುಕನ್ನು ಇದ್ದಂತೆಯೇ ತೋರಿಸುವ ಸಿನಿಮಾಗಳು ಇಲ್ಲವೆಂದಲ್ಲ. ಮಂಗಳೂರಿನಿಂದ ಬಂದಿವೆ, ಮಂಡ್ಯದಿಂದ ಬಂದಿವೆ, ಮಲೆನಾಡಿನಿಂದ ಬಂದಿವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಂಬ ಮೂರು ದೊಡ್ಡ ಜಿಲ್ಲೆಗಳ ಹುಡುಗ ಹುಡುಗಿಯರು ಮಾತ್ರ ಆ ಪರದೆಯ ಮೇಲೆ ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಭಾರತೀಯ ಸಿನಿಮಾ ಹೀಗೆ ಯುವಕರ ನೈಜ ಬದುಕಿನತ್ತ ಹೊರಳಿದ ದೊಡ್ಡ ಬದಲಾವಣೆ ನಮ್ಮ ಊರ ಹೊರಗಿನ ಬೈಪಾಸ್ ಹಿಡಿದು ಹೋದಂತಿದೆ.

ಬದಲಾವಣೆ ನಡೆದದ್ದು ಹೇಗೆ ಎಂಬುದಕ್ಕೆ ಜನ ಸಾಮಾನ್ಯವಾಗಿ ಕೊಡುವ ಉತ್ತರ ‘ಪ್ರೇಕ್ಷಕರ ಅಭಿರುಚಿ ಬದಲಾಯಿತು’ ಎನ್ನುವುದು. ನನಗೆ ಈ ಉತ್ತರ ಸೋಮಾರಿತನದ್ದು ಅನ್ನಿಸುತ್ತದೆ. ಅಭಿರುಚಿ ಹಿಂದೆಯೂ ಇತ್ತು. 1976ರಲ್ಲೇ ಲಂಕೇಶರು ‘ಪಲ್ಲವಿ’ಯಲ್ಲಿ ಓದು ಮುಗಿಸಿ ಕೆಲಸ ಹುಡುಕುವ ಹುಡುಗ ಹುಡುಗಿಯ ಕಥೆ ಹೇಳಿದ್ದರು, ಅದಕ್ಕೆ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಅಂಥ ಚಿತ್ರಗಳು ಆಗ ತಾಲ್ಲೂಕಿನ ಟಾಕೀಸು ತಲುಪುತ್ತಿರಲಿಲ್ಲ. ಬದಲಾದದ್ದು ಮೊದಲು ಯಂತ್ರ, ಆಮೇಲೆ ದಾರಿ.

ಯಂತ್ರದ ಮಾತು ಮೊದಲು. ಫಿಲ್ಮ್ ರೀಲಿನ ಕಾಲದಲ್ಲಿ ಸಾವಿರ ಅಡಿಯ ರೀಲಿನಲ್ಲಿ ಸಿಗುತ್ತಿದ್ದುದು ಸುಮಾರು ಹನ್ನೊಂದು ನಿಮಿಷ. ಕ್ಯಾಮೆರಾ ತಿರುಗಲಾರಂಭಿಸಿತೆಂದರೆ ನಿರ್ಮಾಪಕನ ಹಣ ಸುರುಳಿ ಬಿಚ್ಚಿದಂತೆಯೇ. ಹೀಗಾಗಿ ಒಂದೇ ಟೇಕಿನಲ್ಲಿ ಸಂಭಾಷಣೆ ಒಪ್ಪಿಸಬಲ್ಲ ಪಳಗಿದ ನಟರೇ ಬೇಕಾಗಿದ್ದರು. ಕ್ಯಾಮೆರಾ ಕಂಡರೆ ಬೆವರುವ ಹಳ್ಳಿಯ ಮುದುಕನನ್ನೋ, ಕಾಲೇಜಿನ ಹುಡುಗಿಯನ್ನೋ ನಿಲ್ಲಿಸಿ ಮೂವತ್ತು ಸಲ ‘ಮತ್ತೊಮ್ಮೆ’ ಎನ್ನುವ ಧೈರ್ಯ ಯಾರಿಗಿತ್ತು? ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಮೂವತ್ತೊಂದನೆಯ ಟೇಕಿಗೆ ಹೆಚ್ಚುವರಿ ರೀಲಿನ ಖರ್ಚು ಇಲ್ಲವಾಯಿತು. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಹಳ್ಳಿಗರೇ ನಟಿಸಿದರು. ಮಲಯಾಳಂನ ‘ಅಂಗಮಾಲಿ ಡೈರೀಸ್’ನಲ್ಲಿ 86 ಹೊಸಬರು ಒಟ್ಟಿಗೆ ಕಾಣಿಸಿಕೊಂಡರು. ಇವು ಕಲಾತ್ಮಕ ನಿರ್ಧಾರಗಳು ಹೌದು. ಆ ನಿರ್ಧಾರಗಳಿಗೆ ಜಾಗ ಮಾಡಿಕೊಟ್ಟದ್ದು ಮೆಮೊರಿ ಕಾರ್ಡ್.

ಇನ್ನೊಂದು ಬದಲಾವಣೆ ಚಿತ್ರಮಂದಿರದ ಮೇಲಿನ ಪುಟ್ಟ ಕೋಣೆಯಲ್ಲಿ ಆಯಿತು. ಹಿಂದೆ ಪ್ರತಿ ಟಾಕೀಸಿಗೂ ಒಂದು ಪ್ರಿಂಟ್ ತೆಗೆಸಬೇಕಿತ್ತು. ಸಣ್ಣ ನಿರ್ಮಾಪಕರು ನಾಲ್ಕೆಂಟು ಪ್ರಿಂಟ್ ತೆಗೆಸಿ, ಬೆಂಗಳೂರಿನಲ್ಲಿ ಓಡಿ ಮುಗಿದ ಮೇಲೆ ಅದೇ ತವರದ ಡಬ್ಬಿಗಳನ್ನು ನಮ್ಮ ಕಡೆ ಕಳಿಸುತ್ತಿದ್ದರು. ಇಂಡಿ, ಮುದ್ದೇಬಿಹಾಳಕ್ಕೆ ಬರುವಷ್ಟರಲ್ಲಿ ಪ್ರಿಂಟಿನ ಮೇಲೆ ಗೆರೆಗಳ ಮಳೆ ಸುರಿಯುತ್ತಿತ್ತು. ಉಪಗ್ರಹದ ಮೂಲಕ, ಹಾರ್ಡ್ ಡಿಸ್ಕಿನ ಮೂಲಕ ಚಿತ್ರ ಬರತೊಡಗಿದಾಗ ಮೊದಲ ದಿನವೇ ಎಲ್ಲ ಊರಲ್ಲೂ ಬಿಡುಗಡೆ ಸಾಧ್ಯವಾಯಿತು. ಸಾಧ್ಯವಾಯಿತು ಎಂದೆ, ಆಯಿತು ಎನ್ನಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

2016 ಈ ಕಥೆಯಲ್ಲಿ ವಿಚಿತ್ರ ವರ್ಷ. ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು, ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮ್ ಬಂತು. ನಡುವೆ ಸೆಪ್ಟೆಂಬರಿನಲ್ಲಿ ಜಿಯೋ ಬಂದು, ತಿಂಗಳಿಗೆ ಒಂದು ಜಿಬಿಯನ್ನು ತುಪ್ಪದಂತೆ ಬಳಸುತ್ತಿದ್ದ ಹುಡುಗರು ದಿನಕ್ಕೆ ಒಂದು ಜಿಬಿ ಸುರಿಯತೊಡಗಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಮರಾಠಿಯ ‘ಸೈರಾಟ್’, ವರ್ಷದ ಕೊನೆಯಲ್ಲಿ ಕನ್ನಡದ ‘ಕಿರಿಕ್ ಪಾರ್ಟಿ’. ಒಂದು ಜಾತಿಯ ಕೊಡಲಿಗೆ ಕತ್ತೊಡ್ಡುವ ಪ್ರೀತಿಯ ಕಥೆ, ಇನ್ನೊಂದು ಹಾಸನದ ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ವರ್ಷಗಳ ಪುಂಡಾಟಿಕೆಯ ಕಥೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೂ ಎರಡರಲ್ಲೂ ಹೊಸ ಮುಖಗಳಿದ್ದವು, ಹೆಸರಿಟ್ಟು ಗುರುತಿಸಬಲ್ಲ ಊರಿತ್ತು, ಎರಡೂ ಹಣ ಮಾಡಿದವು. ನಿರ್ಮಾಪಕರ ಕಿವಿ ನೆಟ್ಟಗಾದದ್ದು ಈ ಕೊನೆಯ ಕಾರಣಕ್ಕೆ.

‘ಸೈರಾಟ್’ ಬಗ್ಗೆ ಇಲ್ಲಿ ನಿಂತು ಮಾತಾಡಲೇಬೇಕು, ಏಕೆಂದರೆ ಅದು ನಮ್ಮ ನೆರೆಮನೆಯ ಸಿನಿಮಾ. ನಾಗರಾಜ್ ಮಂಜುಳೆ ಅದನ್ನು ಕಟ್ಟಿದ್ದು ಸೋಲಾಪುರ ಜಿಲ್ಲೆಯ ಕರಮಾಳಾ ಸೀಮೆಯಲ್ಲಿ. ಉಜನಿ ಜಲಾಶಯದಲ್ಲಿ ನಿಂತ ಆ ಭೀಮೆಯೇ ಮುಂದೆ ಹರಿದು ನಮ್ಮ ಇಂಡಿ, ಆಲಮೇಲದ ಅಂಚು ಸವರಿಕೊಂಡು ಹೋಗುತ್ತಾಳೆ. ವಿಜಯಪುರದಿಂದ ಸೋಲಾಪುರಕ್ಕೆ ನೂರು ಕಿಲೋಮೀಟರ್. ಬೆಂಗಳೂರಿಗೆ ಐನೂರಕ್ಕೂ ಹೆಚ್ಚು. ಚಿತ್ರದ ಕಬ್ಬಿನ ಗದ್ದೆ, ಬಾಳೆಯ ತೋಟ, ಮೆಟ್ಟಿಲ ಬಾವಿಗೆ ಹಾರುವ ಹುಡುಗರು, ಟ್ರ್ಯಾಕ್ಟರ್ ಓಡಿಸುವ ಹುಡುಗಿ, ಸಕ್ಕರೆ ಕಾರ್ಖಾನೆಯ ರಾಜಕಾರಣ ಮಾಡುವ ಗೌಡಿಕೆಯ ಮನೆ, ಇವುಗಳಲ್ಲಿ ಜಮಖಂಡಿಯವನಿಗೋ ಅಥಣಿಯವನಿಗೋ ಅರ್ಥವಾಗದ್ದು ಯಾವುದಿದೆ? ನಾಯಕಿ ರಿಂಕು ರಾಜಗುರು ಸೋಲಾಪುರ ಜಿಲ್ಲೆಯದೇ ಅಕಲೂಜಿನ ಶಾಲಾ ಬಾಲಕಿ. ಮರಾಠಿಯಲ್ಲಿ ನೂರು ಕೋಟಿ ದಾಟಿದ ಮೊದಲ ಚಿತ್ರ ಅದು. ಮರುವರ್ಷವೇ ಎಸ್. ನಾರಾಯಣ್ ಅದನ್ನು ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೆ ತಂದರು, ರಿಂಕು ಅವರೇ ನಾಯಕಿ. ಮೂಲದ ಸದ್ದಿನ ಕಾಲುಭಾಗವೂ ಆಗಲಿಲ್ಲ.

ಯಾಕೆ ಆಗಲಿಲ್ಲ? ಕಥೆಯಂತೂ ಅದೇ. ನನ್ನ ಪ್ರಕಾರ ‘ಸೈರಾಟ್’ನ ಶಕ್ತಿ ಕಥೆಯಲ್ಲಿರಲಿಲ್ಲ; ಮೇಲು ಜಾತಿಯ ಹುಡುಗಿ, ಕೆಳ ಜಾತಿಯ ಹುಡುಗ ಓಡಿಹೋಗುವ ಕಥೆಯನ್ನು ಭಾರತದ ಎಲ್ಲ ಭಾಷೆಗಳೂ ಎಷ್ಟೋ ಸಲ ಹೇಳಿವೆ. ಅದರ ಶಕ್ತಿ ಇದ್ದುದು ಆ ಹುಡುಗಿಯ ಸೋಲಾಪುರಿ ಮರಾಠಿಯಲ್ಲಿ, ಆ ಮಾತಿನ ಒರಟಿನಲ್ಲಿ, ಪುಣೆಯ ನಯದ ಮರಾಠಿಯ ಮುಂದೆ ಅದು ತಲೆತಗ್ಗಿಸದೆ ನಿಂತದ್ದರಲ್ಲಿ. ಕನ್ನಡಕ್ಕೆ ತರುವವರು ಕಥೆಯನ್ನು ತಂದರು. ಆ ಮಾತಿಗೆ ಕನ್ನಡದಲ್ಲಿ ಸಮನಾಗಿ ನಿಲ್ಲಬಲ್ಲ ಮಾತು ಭೀಮೆಯ ಈಚೆ ದಂಡೆಯಲ್ಲೇ ಇತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

ನೈಜತೆಯ ಸಿನಿಮಾ ಎಂದಾಗ ಎಲ್ಲರೂ ಕ್ಯಾಮೆರಾ, ಬೆಳಕು, ಮೇಕಪ್ಪಿಲ್ಲದ ಮುಖಗಳ ಬಗ್ಗೆ ಮಾತಾಡುತ್ತಾರೆ. ನಾನು ಮೊದಲು ಕಿವಿಗೊಡುವುದು ಮಾತಿಗೆ. ‘ಉಳಿದವರು ಕಂಡಂತೆ’ 2014ರಲ್ಲಿ ಮಲ್ಪೆಯ ಕನ್ನಡವನ್ನು ಹಾಗೆಯೇ ಬೆಂಗಳೂರಿನ ಮುಂದಿಟ್ಟಿತು. ಆಗ ಹೆಚ್ಚು ಓಡಲಿಲ್ಲ, ಆಮೇಲೆ ಹುಡುಗರು ಹುಡುಕಿ ಹುಡುಕಿ ನೋಡಿದರು. 2017ರಲ್ಲಿ ರಾಜ್ ಬಿ. ಶೆಟ್ಟರ ‘ಒಂದು ಮೊಟ್ಟೆಯ ಕಥೆ’ ಮಂಗಳೂರಿನ ಬಕ್ಕತಲೆಯ ಕನ್ನಡ ಉಪನ್ಯಾಸಕನನ್ನು ನಾಯಕ ಮಾಡಿತು. 2025ರ ‘ಸು ಫ್ರಮ್ ಸೋ’ ಕರಾವಳಿಯ ಒಂದು ಹಳ್ಳಿಯ ಹುಡುಗರ ಹುಡುಗಾಟ. ದೆವ್ವದ ಕಥೆಯನ್ನು ನೈಜ ಎನ್ನಬಹುದೇ ಎಂದು ಯಾರಾದರೂ ತಕರಾರು ತೆಗೆಯಬಹುದು, ಆದರೆ ಅಲ್ಲಿ ದೆವ್ವವೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಜ. ಸಣ್ಣ ಬಂಡವಾಳದ ಆ ಚಿತ್ರದ ಗಳಿಕೆ ನೂರು ಕೋಟಿ ದಾಟಿತೆಂಬ ವರದಿಗಳು ಬಂದವು. ವಿಜಯಪುರದಲ್ಲೂ ಜನ ನೋಡಿ ನಕ್ಕರು. ಕರಾವಳಿಯ ಮಾತು ನಮಗೆ ಅರ್ಥವಾಗುತ್ತದೆ ಎಂದ ಮೇಲೆ ನಮ್ಮ ಮಾತು ಅವರಿಗೆ ಅರ್ಥವಾಗುವುದಿಲ್ಲ ಎಂಬ ಹಳೆಯ ನೆಪಕ್ಕೆ ಬೆಲೆ ಉಳಿಯಿತೇ?

ಕರಾವಳಿಗೆ ಇದು ಸಾಧ್ಯವಾದದ್ದು ಪವಾಡವಲ್ಲ. ಅಲ್ಲಿ ತುಳು ರಂಗಭೂಮಿ ಇದೆ, ಅದರ ಬೆನ್ನಿಗೆ ತುಳು ಸಿನಿಮಾ ಇದೆ. ಮಾರುಕಟ್ಟೆ ಚಿಕ್ಕದು, ಆದರೆ ತನ್ನದೇ. ಒಬ್ಬ ಹುಡುಗ ಅಲ್ಲಿ ನಾಟಕ ಬರೆದು, ತುಳು ಚಿತ್ರದಲ್ಲಿ ಸಹಾಯಕನಾಗಿ ದುಡಿದು, ಗೆಳೆಯರ ಗುಂಪು ಕಟ್ಟಿ, ಬೆಂಗಳೂರಿಗೆ ಕಾಲಿಡುವ ಮೊದಲೇ ಪಳಗಿರುತ್ತಾನೆ. ನಮ್ಮ ಕಡೆ ಅದಕ್ಕೆ ಸಮನಾದದ್ದು ಏನಿದೆ?

ಇದೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯ ಹೊತ್ತಿಗೆ ಹೋಗಿ ನೋಡಬೇಕು. ತಿಂಗಳುಗಟ್ಟಲೆ ನಾಟಕ ಕಂಪನಿಗಳು ಟೆಂಟು ಹಾಕಿ ರಾತ್ರಿಯೆಲ್ಲ ಆಟ ಆಡುತ್ತವೆ. ಟಿಕೆಟ್ ಕೊಂಡು ಜನ ಒಳಗೆ ಹೋಗುತ್ತಾರೆ. ಶ್ರೀಕೃಷ್ಣ ಪಾರಿಜಾತದ ಪರಂಪರೆ ಇದೆ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿ ಮುಂಬೈಯನ್ನೇ ಆಳಿದವರು. ಅವರ ಹೆಸರಿನ ಅಮೀರ್ ಟಾಕೀಸ್ ವಿಜಯಪುರದವರಿಗೆಲ್ಲ ಗೊತ್ತು. ಅಂದರೆ ನಟನೆಗೂ ಹಾಡಿಗೂ ನೋಡುವ ಹಸಿವಿಗೂ ಇಲ್ಲಿ ಬರವಿಲ್ಲ. ಬರವಿರುವುದು ಇವುಗಳಿಂದ ಸಿನಿಮಾಕ್ಕೆ ಹೋಗುವ ಏಣಿಗೆ. ಆ ಏಣಿ ಇಲ್ಲದ್ದರಿಂದ ಪ್ರತಿಭೆ ಯೂಟ್ಯೂಬಿಗೆ ಹರಿದಿದೆ. ನಮ್ಮ ಕಡೆಯ ಹಾಸ್ಯದ ತುಣುಕುಗಳನ್ನು, ಜಾನಪದ ಹಾಡುಗಳನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ಅದರಲ್ಲಿ ಕೆಲವು ನಿಜಕ್ಕೂ ಚುರುಕಾಗಿವೆ. ಬಹಳಷ್ಟು ಗಂಡ ಹೆಂಡತಿಯ ಜಗಳ, ಕುಡುಕನ ತೊದಲು, ಅತ್ತೆಯ ಬೈಗುಳದ ಸುತ್ತಲೇ ಗಾಣದೆತ್ತಿನಂತೆ ತಿರುಗುತ್ತವೆ. ಹತ್ತು ನಿಮಿಷದಲ್ಲಿ ನಗಿಸದಿದ್ದರೆ ಬೆರಳು ಮೇಲಕ್ಕೆ ಜಾರುತ್ತದೆ ಎಂಬ ಭಯದಲ್ಲಿ ಕಟ್ಟಿದ ಕಥೆ ಎರಡು ಗಂಟೆಯ ಮೌನವನ್ನು ತಾಳಿಕೊಳ್ಳುವುದನ್ನು ಎಲ್ಲಿ ಕಲಿಯಬೇಕು?

ನಗಿಸುವ ಈ ಚಟದ ಬೇರು ಇನ್ನೂ ಆಳದಲ್ಲಿದೆ. ಕನ್ನಡ ಚಿತ್ರರಂಗದಲ್ಲಿ ದಶಕಗಳಿಂದ ನಮ್ಮ ಮಾತಾಡುವ ಪಾತ್ರ ಎಂದರೆ ಹಾಸ್ಯಗಾರ, ಇಲ್ಲವೇ ಮನೆಗೆಲಸದವನು, ಇಲ್ಲವೇ ಖಳನ ಹಿಂದೆ ನಿಲ್ಲುವ ರೌಡಿ. ಸಾಲಿನ ಕೊನೆಗೊಂದು ‘ರೀ’ ಅಂಟಿಸಿದರೆ ಆಯಿತು, ಉತ್ತರ ಕರ್ನಾಟಕ. ನಾಯಕ ಹುಬ್ಬಳ್ಳಿಯವನೆಂದು ಕಥೆಯಲ್ಲಿದ್ದರೂ ಪ್ರೀತಿಯ ಮಾತು ಬಂದೊಡನೆ ಅವನ ಕನ್ನಡ ಮೈಸೂರಿಗೆ ವರ್ಗವಾಗುತ್ತದೆ. 1997ರ ‘ನಾಗಮಂಡಲ’ ಇದಕ್ಕೆ ದೊಡ್ಡ ಅಪವಾದ. ಗೋಪಾಲ ವಾಜಪೇಯಿಯವರು ಬರೆದ ಸಂಭಾಷಣೆಯಲ್ಲಿ ಈ ಮಾತು ಪ್ರೀತಿಸಿತು, ಹೆದರಿತು, ಸಂಶಯಪಟ್ಟಿತು. 2010ರಲ್ಲಿ ಗಿರೀಶ ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನೇರಿ’ಯಲ್ಲಿ, ಅದುವರೆಗೆ ಕುಡುಕನ ಪಾತ್ರಗಳಲ್ಲೇ ಕಂಡಿದ್ದ ವೈಜನಾಥ ಬಿರಾದಾರರು ಮುಖ್ಯ ಪಾತ್ರದಲ್ಲಿ ಬಂದಾಗ ನಕ್ಕು ಅಭ್ಯಾಸವಾಗಿದ್ದ ಪ್ರೇಕ್ಷಕ ಗಲಿಬಿಲಿಗೊಂಡ. ಒಂದು ಆಡುಮಾತನ್ನು ಕೇಳಿದರೆ ನಗು ಬರುವಂತೆ ಕಿವಿಯನ್ನು ಪಳಗಿಸಿಬಿಟ್ಟರೆ, ಆ ಮಾತಿನಲ್ಲಿ ಅಳುವುದು ಕಷ್ಟ.

ಇತ್ತೀಚೆಗೆ ಬಂದ ಎರಡು ಚಿತ್ರಗಳು ಈ ಗೋಡೆಗೆ ಕಿಂಡಿ ಕೊರೆದಿವೆ, ಆದರೆ ಎರಡೂ ನಮ್ಮ ಪೂರ್ವದ ನೆರೆಯವು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ್ದು. ಬಿಸಿಯೂಟದ ಅಡುಗೆ ಮಾಡುವ ಹೆಂಗಸೊಬ್ಬಳು ಚೈನ್ ಮಾರ್ಕೆಟಿಂಗಿನ ಬಲೆಗೆ ಬಿದ್ದು ಊರಿಗೆಲ್ಲ ಪುಡಿ ಮಾರಲು ಹೊರಡುತ್ತಾಳೆ. 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಚಿತ್ರ ಇಲ್ಲಿ ತೆರೆಕಂಡದ್ದು 2024ರಲ್ಲಿ. ಉತ್ಸವ್ ಗೋನವಾರರ ‘ಫೋಟೋ’ದಲ್ಲಿ ರಾಯಚೂರು ಕಡೆಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ; ಕೂಲಿಗೆ ಹೋಗಿದ್ದ ಅಪ್ಪನ ಬಳಿ ಬೆಂಗಳೂರಿಗೆ ಬಂದ ಹೊತ್ತಿಗೇ ಲಾಕ್‌ಡೌನ್. ಎರಡೂ ಕೂಲಿಯ, ಬಡತನದ ಕಥೆಗಳು, ಒಳ್ಳೆಯ ಚಿತ್ರಗಳು. ಆದರೂ ಒಂದು ಸಂದೇಹ ನನ್ನನ್ನು ಬಿಡುವುದಿಲ್ಲ: ಉತ್ತರದ ಕಡೆಯವರು ನೈಜ ಸಿನಿಮಾದಲ್ಲಿ ಬರಬೇಕಾದರೆ ನಡೆದು ನಡೆದು ಕಾಲು ಒಡೆದಿರಲೇಬೇಕೇ? ಕಾಲೇಜಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತು ಹರಟುವ ಹಕ್ಕು ಹಾಸನದ ಹುಡುಗರಿಗೆ ಮಾತ್ರ ಇದೆಯೇ?

ಇಲ್ಲಿ ವ್ಯಾಪಾರದ ಮಾತು ಬರುತ್ತದೆ. ಗಾಂಧಿನಗರದ ಹಂಚಿಕೆದಾರರು ರಾಜ್ಯವನ್ನು ತಮ್ಮದೇ ನಕ್ಷೆಯಲ್ಲಿ ಹರಿದುಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿಕೆಟಿ. ಅದೇ ಬಂಗಾರದ ಮೊಟ್ಟೆ. ನಾವು ಇಂದಿಗೂ ಅವರ ಬಾಯಲ್ಲಿ ‘ಬಾಂಬೆ ಕರ್ನಾಟಕ’. ದೊಡ್ಡ ತಾರೆಯರ ಹೊಡೆದಾಟದ ಚಿತ್ರಕ್ಕೆ ನಮ್ಮ ಕಡೆ ಒಳ್ಳೆಯ ಬೆಲೆ ಇದೆ, ಏಕೆಂದರೆ ಅಭಿಮಾನಿಗಳು ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಾರೆ. ಸಣ್ಣ ಚಿತ್ರಕ್ಕೆ ಶುಕ್ರವಾರ ಒಂದು ಬೆಳಗಿನ ಆಟ ಸಿಕ್ಕರೆ ಪುಣ್ಯ. ಬಾಯಿಮಾತು ಹಬ್ಬಲು ನಾಲ್ಕು ದಿನ ಬೇಕು. ಸೋಮವಾರ ಪೋಸ್ಟರ್ ಬದಲಾಗಿರುತ್ತದೆ. ಉಪಗ್ರಹದಿಂದ ಚಿತ್ರ ಮೊದಲ ದಿನವೇ ಬರಬಲ್ಲುದಾದರೂ ಅದನ್ನು ಹಾಕುವ ಟಾಕೀಸು ಬೇಕಲ್ಲ! ಬೆಳಗಾವಿಯ ಸ್ಥಿತಿ ಇನ್ನೂ ಸಿಕ್ಕಲು. ಅಲ್ಲಿ ಒಂದೇ ಪರದೆಗೆ ಹಿಂದಿ, ಮರಾಠಿ, ಕನ್ನಡ ಮೂರೂ ಸರದಿಯಲ್ಲಿ ನಿಲ್ಲುತ್ತವೆ.

ಟಿಕೆಟ್ ದರವೂ ಸುದ್ದಿಯಾಯಿತು. ರಾಜ್ಯ ಸರ್ಕಾರ 2025ರ ಬಜೆಟ್ಟಿನಲ್ಲಿ 200 ರೂಪಾಯಿಯ ಮಿತಿ ಘೋಷಿಸಿ ಸೆಪ್ಟೆಂಬರಿನಲ್ಲಿ ನಿಯಮ ಹೊರಡಿಸಿತು. ಕೆಲವೇ ದಿನಗಳಲ್ಲಿ ಹೈಕೋರ್ಟಿನಿಂದ ಮಧ್ಯಂತರ ತಡೆ ಬಂತು. ಬೆಂಗಳೂರಿನ ಮಲ್ಟಿಪ್ಲೆಕ್ಸಿನ ಆ ಜಗಳ ನಮ್ಮ ಊರಿಗೆ ಅಷ್ಟು ಮುಟ್ಟುವುದಿಲ್ಲ. ಅದೇ ಬಜೆಟ್ಟಿನಲ್ಲಿ ಹೇಳಿದ ಸರ್ಕಾರಿ ಓಟಿಟಿ ವೇದಿಕೆ ಮಾತ್ರ ನನ್ನ ಗಮನ ಸೆಳೆಯಿತು. ಖಾಸಗಿ ಓಟಿಟಿಗಳು ಮೊದಮೊದಲು ಪ್ರಾದೇಶಿಕ ಚಿತ್ರಗಳನ್ನು ತಬ್ಬಿಕೊಂಡಂತೆ ಮಾಡಿ, ಆಮೇಲೆ ಕನ್ನಡದತ್ತ ಕೈ ಬಿಗಿ ಹಿಡಿದವು. ರಕ್ಷಿತ್ ಶೆಟ್ಟಿಯಂಥವರು ನಿರ್ಮಿಸಿದ ‘ಏಕಂ’ ಸರಣಿಗೇ ಯಾವ ವೇದಿಕೆಯೂ ಸಿಗದೆ 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡಬೇಕಾಯಿತು. ಹೆಸರಿದ್ದವರ ಪಾಡು ಇದಾದರೆ ಮುಧೋಳದಿಂದ ಬರುವ ಹೊಸಬನ ಪಾಡೇನು?

ಇನ್ನು, ನೈಜತೆ ಎಂಬ ಹೆಸರಿನಲ್ಲಿ ಬರುತ್ತಿರುವುದೆಲ್ಲ ನೈಜವೇ ಎಂಬ ಪ್ರಶ್ನೆ. ಪ್ರತಿ ಯಶಸ್ಸೂ ತನ್ನ ಹಿಂದೆ ಒಂದು ಅಚ್ಚನ್ನು ಬಿಟ್ಟುಹೋಗುತ್ತದೆ. ಅಲುಗಾಡುವ ಕ್ಯಾಮೆರಾ, ಕೆದರಿದ ಗಡ್ಡ, ಡ್ರೋನಿನಿಂದ ತೆಗೆದ ಊರ ಚಿತ್ರ, ಮಾತಿಗೊಂದು ಬೈಗುಳ. ಇಷ್ಟು ಸೇರಿಸಿದರೆ ಈಗ ‘ರಿಯಲಿಸ್ಟಿಕ್’ ಎಂಬ ಹಣೆಪಟ್ಟಿ ಸಿಗುತ್ತದೆ. ಮರ ಸುತ್ತುವ ಹಾಡು ಹೋದ ಜಾಗಕ್ಕೆ ಚಹಾದ ಗ್ಲಾಸು ಹಿಡಿದು ನಿಧಾನಗತಿಯಲ್ಲಿ ನಗುವ ಗೆಳೆಯರ ಹಾಡು ಬಂದಿದೆ. ಬಹುಪಾಲು ಈ ಚಿತ್ರಗಳು ಹುಡುಗರ ಗುಂಪಿನವು. ಹುಡುಗಿ ಅದೇ ಹಳೆಯ ಜಾಗದಲ್ಲಿ, ಕಾಲೇಜಿನ ಮಹಡಿಯ ಮೇಲೆ, ನೋಡಿಸಿಕೊಳ್ಳಲು ನಿಂತಿರುತ್ತಾಳೆ.

ಜಾತಿಯ ವಿಷಯದಲ್ಲಿ ಕನ್ನಡದ ಯುವ ಸಿನಿಮಾ ಇನ್ನೂ ಮುಗುಮ್ಮಾಗಿದೆ. ತಮಿಳಿನಲ್ಲಿ ಮಾರಿ ಸೆಲ್ವರಾಜ್ 2018ರಲ್ಲಿ ‘ಪರಿಯೇರುಂ ಪೆರುಮಾಳ್’ ಮಾಡಿ ಕಾನೂನು ಕಾಲೇಜಿನ ಬೆಂಚಿನ ಮೇಲೆ ಜಾತಿ ಹೇಗೆ ಕುಳಿತಿರುತ್ತದೆ ಎಂದು ತೋರಿಸಿದರು. ಘಾಯ್ವಾನರ ‘ಮಸಾನ್’ನಲ್ಲಿ ಕಾಶಿಯ ಸುಡುಗಾಡಿನ ಮನೆತನದ ಹುಡುಗ ಎಂಜಿನಿಯರಿಂಗ್ ಓದುತ್ತಾನೆ. ‘ಹೋಮ್‌ಬೌಂಡ್’ನ ಹುಡುಗ ಮೀಸಲಾತಿ ಬಿಟ್ಟು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕುತ್ತಾನೆ, ಜಾತಿ ಹೇಳಿದರೆ ಆಮೇಲಿನ ನೋಟ ಬದಲಾಗುತ್ತದೆ ಎಂಬ ಅಳುಕಿಗೆ. ಆ ದೃಶ್ಯ ಬಂದಾಗ ಕೋಣೆಯ ನಾಲ್ವರಲ್ಲಿ ಒಬ್ಬ ಎದ್ದು ನೀರು ಕುಡಿಯಲು ಹೋದ. ಕನ್ನಡದಲ್ಲಿ ಪೃಥ್ವಿ ಕೊಣನೂರರ ‘ಹದಿನೇಳೆಂಟು’ ಈ ಕೆಲಸ ಮಾಡಿದೆ. ಕಾಲೇಜಿನ ಇಬ್ಬರು ಮಕ್ಕಳ ಖಾಸಗಿ ವಿಡಿಯೋ ಹರಿದಾಡಿ ವಿಚಾರಣೆ ಶುರುವಾದಾಗ, ಹುಡುಗ ಯಾರ ಮಗ, ಹುಡುಗಿ ಯಾರ ಮಗಳು ಎಂಬುದೇ ನಿಧಾನವಾಗಿ ತೀರ್ಪಾಗುತ್ತದೆ. ಮನ್ಸೋರೆಯವರ ‘19.20.21’ ಕಾಡಿನಂಚಿನ ವಿದ್ಯಾರ್ಥಿಯೊಬ್ಬನ ಮೇಲೆ ನಕ್ಸಲ್ ಆರೋಪ ಹೊರಿಸಿದ ಕಥೆ ಹೇಳಿತು. ಇಂಥವು ಬೆರಳೆಣಿಕೆ.

ನಮ್ಮಲ್ಲಿ ಕಥೆಗಳಿಲ್ಲ ಎನ್ನುವವರನ್ನು ಒಂದು ಸುತ್ತು ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ವಿಧು ವಿನೋದ್ ಚೋಪ್ರಾ ಅವರ ‘ಟ್ವೆಲ್ತ್ ಫೇಲ್’ 2023ರಲ್ಲಿ ಬಂದು, ಆ ವರ್ಷದ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆಯಿತು. ಚಂಬಲ್ ಸೀಮೆಯ ಶಾಲೆಯಲ್ಲಿ ಮೇಷ್ಟ್ರೇ ನಕಲು ಮಾಡಿಸುತ್ತಿರುವಾಗ ಪ್ರಾಮಾಣಿಕ ಅಧಿಕಾರಿಯೊಬ್ಬ ಬಂದು ತಡೆಯುವುದರಿಂದ ಕಥೆ ಚಾಲೂ ಆಗುತ್ತದೆ. ನಮ್ಮಲ್ಲಿ? 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಕಲಬುರಗಿಯಲ್ಲಿ ಅಕ್ರಮ ಬಯಲಿಗೆ ಬಂದು 2022ರಲ್ಲಿ ನೇಮಕಾತಿಯ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆಗೆ 2024ರ ಜನವರಿಯವರೆಗೆ ಕಾಯಬೇಕಾಯಿತು. ಆ ಎರಡೂ ಕಾಲು ವರ್ಷ ಪ್ರಾಮಾಣಿಕವಾಗಿ ಬರೆದವನೊಬ್ಬ ಎಲ್ಲಿದ್ದ, ಊರಿಗೆ ಹೋದಾಗ ಏನು ಹೇಳಿದ, ನಿಶ್ಚಯವಾಗಿದ್ದ ಮದುವೆ ಏನಾಯಿತು? ಚಿತ್ರಕಥೆಗೆ ಇದಕ್ಕಿಂತ ಹೆಚ್ಚೇನು ಬೇಕು?

ಸೈಕಲ್ಲಿನ ಕಥೆ ಇನ್ನೊಂದು. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಬರುತ್ತಲೇ ಇದ್ದಾರೆ. ಹೆದ್ದಾರಿಯ ಲಾರಿಗಳ ಗಾಳಿಗೆ ಮೈಯೊಡ್ಡಿ ನಸುಕಿನಲ್ಲಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರನ್ನು ಯಾರು ಬೇಕಾದರೂ ನೋಡಬಹುದು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಬಾಗಲಕೋಟೆಯ ಹಳೆಯ ಓಣಿಗಳಲ್ಲಿ ಆಡಿದವರ ಮಕ್ಕಳು ಈಗ ನವನಗರದ ಸೆಕ್ಟರ್ ಸಂಖ್ಯೆಗಳಲ್ಲಿ ಬೆಳೆಯುತ್ತಿದ್ದಾರೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಹೊಸ ಊರುಗಳ ಪಟ್ಟಿ ಸಿದ್ಧವಾಗುತ್ತದೆ. ಪರಿಹಾರದ ಹಣ ಕೈಗೆ ಬಂದ ವರ್ಷ ಮನೆಯ ಹಿರಿಮಗ ಬುಲೆಟ್ ಕೊಂಡದ್ದು, ಮೂರನೆಯ ವರ್ಷ ಅದೇ ಬುಲೆಟ್ ಮಾರಿ ಗೋವಾಕ್ಕೆ ಕೂಲಿಗೆ ಹೋದದ್ದು ನಮ್ಮ ಕಡೆ ಕಟ್ಟುಕಥೆ ಅಲ್ಲ. ಬನಹಟ್ಟಿಯ ಪವರ್‌ಲೂಮಿನ ಸದ್ದಿನಲ್ಲಿ ಹೋಮ್‌ವರ್ಕ್ ಮಾಡಿದ ಮಕ್ಕಳು, ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿ ವಾರ್ಷಿಕ ಪರೀಕ್ಷೆ ತಪ್ಪಿಸಿಕೊಂಡ ತಾಂಡಾದ ಹುಡುಗಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಲ್ಲಿ ಹುಡುಗಿಯರು ಕ್ಯಾಮೆರಾ ಹಿಡಿಯುವುದನ್ನು ಕಲಿಯುತ್ತಿದ್ದಾರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡಿಗೆ ಅಪ್ಪನ ಮುಂದೆ ನಿಲ್ಲಬೇಕಾಗಿಲ್ಲದ ಹುಡುಗಿಯೊಬ್ಬಳ ಒಂದು ದಿನವನ್ನು ಅವರಲ್ಲೇ ಯಾರಾದರೂ ತೆಗೆದರೆ, ಆ ಮಹಡಿಯ ಮೇಲಿನ ಹುಡುಗಿ ಕೊನೆಗೂ ಕೆಳಗಿಳಿದು ಬರುತ್ತಾಳೆ.

ಹಣ ಎಲ್ಲಿಂದ ಎಂದು ಕೇಳುವುದು ನ್ಯಾಯವೇ. 2013ರಲ್ಲಿ ತೆರೆಕಂಡ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಸಾರ್ವಜನಿಕರಿಂದ ಸುಮಾರು ಐವತ್ತು ಲಕ್ಷ ರೂಪಾಯಿ ಕೂಡಿಸಿದರು. ಹತ್ತು ವರ್ಷದ ಮೇಲೆ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ಅವರ ಓದುಗರೇ ಹಣ ಹಾಕಿದರು. ನಮ್ಮ ಊರುಗಳಲ್ಲಿ ಜಾತ್ರೆಯ ತೇರಿಗೆ, ಗರಡಿಮನೆಯ ಕುಸ್ತಿಗೆ, ಗಣಪತಿಯ ಡಿಜೆಗೆ ಮನೆಮನೆ ಪಟ್ಟಿ ಎತ್ತಿ ಲಕ್ಷಗಟ್ಟಲೆ ಕೂಡಿಸುವ ಪದ್ಧತಿ ಇದೆ. ಆ ಪಟ್ಟಿಯ ವಹಿಯಲ್ಲಿ ಒಂದು ಹೊಸ ಪುಟ ತೆರೆಯುವುದು ಅಷ್ಟೇನೂ ಹುಚ್ಚು ವಿಚಾರವಲ್ಲ. ಆದರೆ ಪಟ್ಟಿ ಕೊಟ್ಟವನು ತನ್ನ ತಮ್ಮನಿಗೊಂದು ಪಾತ್ರ ಕೇಳುತ್ತಾನೆ, ಅದಕ್ಕೂ ಸಿದ್ಧವಿರಬೇಕು.

ಮೊನ್ನೆ ಅಳಿಯ ಒಂದು ವಿಡಿಯೋ ಕಳಿಸಿದ. ಕೋಣೆಯ ನಾಲ್ವರೂ ಸೇರಿ ಮೊಬೈಲಿನಲ್ಲೇ ಹತ್ತು ನಿಮಿಷದ ಚಿತ್ರ ಮಾಡಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಹಾಲ್ ಟಿಕೆಟ್ ಕಳೆದುಹೋಗುವ ಕಥೆ. ಬೆಳಕು ಚೆನ್ನಾಗಿತ್ತು, ಅವಸರವೂ ಇತ್ತು, ವಾಚನಾಲಯದ ಟ್ಯೂಬ್‌ಲೈಟಿನ ಕೆಳಗೆ ನಿಂತ ಅವನ ಮುಖದಲ್ಲಿ ಭಯವೂ ಸರಿಯಾಗಿ ಮೂಡಿತ್ತು. ಬಾಯಿ ತೆರೆದಾಗ ನನಗೆ ಕಸಿವಿಸಿಯಾಯಿತು. ನಾಲ್ವರೂ ಬೆಂಗಳೂರಿನ ಸಿನಿಮಾ ಕನ್ನಡ ಆಡುತ್ತಿದ್ದರು, ಬಾಡಿಗೆಯ ಕೋಟು ತೊಟ್ಟ ಮದುಮಗನ ಹಾಗೆ.

ಫೋನು ಮಾಡಿ ಕೇಳಿದೆ. “ಮಾಮಾ, ಕ್ಯಾಮೆರಾದ ಮುಂದೆ ನಮ್ಮ ಮಾತು ಆಡಿದರೆ ಕಾಮಿಡಿ ಆಗುತ್ತದೆ” ಎಂದ.

ಅವನು ಕಳಿಸಿದ ವಿಡಿಯೋದ ಕೊನೆಯಲ್ಲಿ ಮಾತ್ರ ಇಪ್ಪತ್ತು ಸೆಕೆಂಡು ಹೆಚ್ಚಿಗೆ ಉಳಿದಿತ್ತು. ದೃಶ್ಯ ಮುಗಿದಿದೆ, ಮೊಬೈಲು ಬಂದ್ ಮಾಡುವುದನ್ನು ಮರೆತಿದ್ದಾರೆ. ಯಾರದೋ ಕಾಲು, ಮಡಚಿಟ್ಟ ಹಾಸಿಗೆಯ ತುದಿ, ಗೋಡೆಯ ನಕ್ಷೆಯ ಅರ್ಧ ಕಾಣುತ್ತದೆ. ಇವತ್ತು ಖಾನಾವಳಿಗೆ ಹೋಗಿ ಡಬ್ಬಿ ತರುವ ಸರದಿ ಯಾರದು ಎಂಬ ಜಗಳ ನಡೆದಿದೆ. ಒಬ್ಬ ಬೈಯುತ್ತಾನೆ, ಒಬ್ಬ ಆಣೆ ಹಾಕುತ್ತಾನೆ, ನೀರು ಕುಡಿಯಲು ಎದ್ದು ಹೋಗಿದ್ದ ಆ ಹುಡುಗ ‘ನಾನೇ ತರುತ್ತೇನೆ ಬಿಡಿ’ ಎಂದು ತನ್ನ ಊರಿನ ಮಾತಿನಲ್ಲಿ ಹೇಳಿ ಚಪ್ಪಲಿ ಹುಡುಕುತ್ತಾನೆ. ಆ ಇಪ್ಪತ್ತು ಸೆಕೆಂಡನ್ನು ಕತ್ತರಿಸಬೇಡ ಎಂದು ಅವನಿಗೆ ಸಂದೇಶ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ; ಭಾನುವಾರ ಪರೀಕ್ಷೆ ಇದೆ.